ಬಾಯೊಳಗಿನ ಲೋಹ ಕರಗುತ್ತಾ, ಡಾಕ್ಟ್ರೇ?

ಹೋದ ಸಂಚಿಕೆಯಲ್ಲಿ ಕ್ಯಾಪ್ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದೆ, ಬಾಯಲ್ಲಿಟ್ಟ ಯಾವ ಲೋಹವೂ ಸ್ವಲ್ಪ ಸ್ವಲ್ಪ ಕರಗುತ್ತಲೇ ಇರುತ್ತದೆ ಅಂತ. ಅಷ್ಟಕ್ಕೇ ಅಂಚೆಯಲ್ಲಿ, ಮೇಲ್‌ನಲ್ಲಿ ಪ್ರಶ್ನೆಗಳ ಸುರಿಮಳೆ. ಹಾಗಾಗಿ ಈ ಸಲ ಹುಳುಕು, ವಾಸನೆ, ಜುಮ್ಮೆನ್ನುವ ಹಲ್ಲು ಎಲ್ಲವನ್ನೂ ಬದಿಗಿಟ್ಟು ಬರೀ ಲೋಹದ ಮಾತು.

ಪ್ರಶ್ನೆ: ನನಗೆ 42 ವರ್ಷ. ಕಾಲೇಜಿಗೆ ಹೋಗುವಾಗ ಮೂರು ದವಡೆ ಹಲ್ಲಿಗೆ ಬೆಳ್ಳಿ ಸಿಮೆಂಟ್ ತುಂಬಿಸಿಕೊಂಡಿದ್ದೆ. ಇವತ್ತಿಗೂ ಗಟ್ಟಿಯಾಗಿವೆ. ಮೊನ್ನೆ ಮೊಬೈಲಿಗೆ ಒಂದು ವಿಡಿಯೋ ಬಂತು, ಹಲ್ಲಿನಿಂದ ಪಾದರಸ ಹೊಗೆಯ ಥರ ಏಳುತ್ತಿದೆ. ನನಗೆ ಸುಸ್ತು ಇದೆ, ಕೂದಲೂ ಉದುರುತ್ತಿದೆ. ಮೂರನ್ನೂ ತೆಗೆಸಿಬಿಡಲಾ? — ಓದುಗಿ, ದಾವಣಗೆರೆ

ವಿಡಿಯೋ ಪೂರ್ತಿ ಸುಳ್ಳಲ್ಲ ಅಮ್ಮ, ಆದರೆ ಅರ್ಧ ಕಥೆ ಮಾತ್ರ ಹೇಳುತ್ತದೆ. ಬೆಳ್ಳಿ ಸಿಮೆಂಟ್ ಅಂತ ನಾವು ಕರೆಯುವ ಅಮಾಲ್ಗಂನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಪಾದರಸವೇ ಇರುತ್ತದೆ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾದ ಮೇಲೂ ಅಗಿಯುವಾಗ, ಬಿಸಿ ಕಾಫಿ ಕುಡಿಯುವಾಗ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವಾಗ ಅದರಿಂದ ಒಂದಿಷ್ಟು ಆವಿ ಹೊರಬರುತ್ತದೆ. ಲೋಹದ ರೂಪದಲ್ಲೇ ನುಂಗಿದ ಪಾದರಸವನ್ನು ಕರುಳು ಹೆಚ್ಚೇನೂ ಹೀರಿಕೊಳ್ಳುವುದಿಲ್ಲ. ಉಸಿರಿನಲ್ಲಿ ಒಳಗೆ ಹೋದ ಆವಿಯ ವಿಷಯ ಹಾಗಲ್ಲ, ನೂರಕ್ಕೆ ಸುಮಾರು ಎಂಬತ್ತು ಭಾಗ ರಕ್ತಕ್ಕೆ ಸೇರುತ್ತದೆ. ಅಲ್ಲಿ ಕೆಂಪು ರಕ್ತಕಣದೊಳಗಿನ ಕ್ಯಾಟಲೇಸ್ ಅನ್ನುವ ಕಿಣ್ವ ಅದನ್ನು ಅಯಾನಾಗಿ, ಅಂದರೆ ವಿದ್ಯುದಂಶ ಇರುವ ಕಣವಾಗಿ ಬದಲಿಸುತ್ತದೆ. ಈ ಅಯಾನಿಗೆ ಗಂಧಕ ಕಂಡರೆ ಸಾಕು, ಬಿಡದೆ ಅಂಟಿಕೊಳ್ಳುತ್ತದೆ. ನಮ್ಮ ಜೀವಕೋಶಗಳ ಎಷ್ಟೋ ಪ್ರೋಟೀನುಗಳಲ್ಲಿ ಗಂಧಕ ಇದೆ, ಕೋಶದ ಕಾವಲಿಗಿರುವ ಗ್ಲುಟಾಥಿಯೋನ್‌ನಲ್ಲೂ ಇದೆ. ಪಾದರಸ ಜಾಸ್ತಿಯಾದರೆ ಆ ಗ್ಲುಟಾಥಿಯೋನ್ ಖರ್ಚಾಗುತ್ತದೆ, ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಮೊದಲ ಪೆಟ್ಟು ಮೂತ್ರಪಿಂಡಕ್ಕೆ ಮತ್ತು ನರಕ್ಕೆ. ಇಷ್ಟು ನಿಜ.

ಈಗ ಪ್ರಮಾಣ ನೋಡೋಣ. ವಿಡಿಯೋಗಳು ಇದನ್ನೇ ಬಿಡುವುದು. ಬಾಯಲ್ಲಿ ನಾಲ್ಕಾರು ಇಂಥ ಸಿಮೆಂಟ್ ಇದ್ದವರಿಗೆ ದಿನಕ್ಕೆ ಸೇರುವುದು ಕೆಲವೇ ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ ಕೆಲವು ಭಾಗ. ಇದು ಮಕ್ಕಳಿಗೆ ಏನು ಮಾಡುತ್ತದೆ ಅಂತ ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ 534 ಮಕ್ಕಳನ್ನು ಐದು ವರ್ಷ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 507 ಮಕ್ಕಳನ್ನು ಏಳು ವರ್ಷ ಗಮನಿಸಿದರು, ಅರ್ಧ ಮಕ್ಕಳಿಗೆ ಅಮಾಲ್ಗಂ, ಅರ್ಧ ಮಕ್ಕಳಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್. 2006ರಲ್ಲಿ ಎರಡರ ಫಲಿತಾಂಶವೂ ಒಟ್ಟಿಗೇ ಬಂತು. ಅಮಾಲ್ಗಂ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಹೆಚ್ಚಿತ್ತು, ಆದರೆ ಬುದ್ಧಿ, ನೆನಪು, ನರಗಳ ಪರೀಕ್ಷೆಯಲ್ಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ.

ನಿಮ್ಮ ಸಿಮೆಂಟ್ ಒಡೆದಿಲ್ಲ, ಸುತ್ತ ಹುಳುಕಿಲ್ಲ ಅಂದರೆ ಸುಮ್ನೆ ಬಿಡಿ. ಕೊರೆದು ತೆಗೆಯುವಾಗಲೇ ಆವಿ ಎಲ್ಲಕ್ಕಿಂತ ಜಾಸ್ತಿ ಏಳುವುದು. ತೆಗೆಯಲೇಬೇಕಾದಾಗ ನೀರು ಚಿಮುಕಿಸುತ್ತಾ, ರಬ್ಬರ್ ಹಾಳೆ ಕಟ್ಟಿ, ಜೋರಾದ ಸಕ್ಷನ್ ಇಟ್ಟು, ದೊಡ್ಡ ತುಂಡುಗಳಾಗಿ ತೆಗೆಯಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹೊಸದಾಗಿ ಹಾಕಿಸಿಕೊಳ್ಳುವುದೂ ಬೇಡ, ಇದ್ದದ್ದನ್ನು ಆ ಸಮಯದಲ್ಲಿ ತೆಗೆಸುವುದೂ ಬೇಡ. ಪಾದರಸದ ಆವಿ ಮಾಸು ದಾಟಿ ಮಗುವನ್ನು ತಲುಪುತ್ತದೆ, ಅದಕ್ಕೆ.

ಹಾಗಿದ್ದರೆ ಯೂರೋಪಿನಲ್ಲಿ ಯಾಕೆ ನಿಲ್ಲಿಸಿದರು ಅಂತ ಕೇಳ್ತೀರಿ. ಹೌದು, 2025ರ ಜನವರಿಯಿಂದ ಅಲ್ಲಿ ತೀರಾ ಅನಿವಾರ್ಯವಲ್ಲದಿದ್ದರೆ ಹಾಕುವಂತಿಲ್ಲ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿದೆ, ಆ ಒಪ್ಪಂದದ ದೇಶಗಳು 2034ಕ್ಕೆ ಅಮಾಲ್ಗಂ ನಿಲ್ಲಿಸಲು ಒಪ್ಪಿವೆ. ಇದಕ್ಕೆ ದೊಡ್ಡ ಕಾರಣ ಕ್ಲಿನಿಕ್ಕಿನ ಚರಂಡಿ, ಚಿತಾಗಾರದ ಹೊಗೆ, ಕೆರೆ ನದಿಯ ಮೀನು. ನಿಮ್ಮ ಮೂರು ಹಲ್ಲಲ್ಲ.

ಸುಸ್ತು, ಕೂದಲು ಉದುರುವುದಕ್ಕೆ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ. ಇನ್ನೊಂದು, ಹೆಸರು ವಿಳಾಸ ಇಲ್ಲದ ಬಿಳುಪಿನ ಕ್ರೀಮ್ ಏನಾದರೂ ಹಚ್ಚುತ್ತೀರಾ? 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮಿನ ಪಾದರಸದಿಂದ ಜನರ ಮೂತ್ರಪಿಂಡವೇ ಕೆಟ್ಟಿತ್ತು. ಹಲ್ಲನ್ನು ಬಯ್ಯುವ ಮೊದಲು ಡ್ರೆಸ್ಸಿಂಗ್ ಟೇಬಲ್ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಮಗಳಿಗೆ 13 ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಬೇಕು. ನನಗೆ ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಸೋರುತ್ತದೆ, ವಾಚಿನ ಬೆಲ್ಟಿನ ಜಾಗದಲ್ಲೂ ತುರಿಕೆ. ಅವಳಿಗೂ ಹೀಗೇ ಆದರೆ ಬಾಯಿ ತುಂಬಾ ಹುಣ್ಣಾಗಲ್ವಾ? — ಓದುಗಿ, ಹುಬ್ಬಳ್ಳಿ

ನಿಮ್ಮದು ನಿಕ್ಕಲ್ ಅಲರ್ಜಿ ಇರಬೇಕು. ಲೋಹದ ಅಲರ್ಜಿಗಳಲ್ಲಿ ಅತಿ ಸಾಮಾನ್ಯವಾದದ್ದು ಅದೇ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಕಾರಣ ಬಹುಮಟ್ಟಿಗೆ ಓಲೆ. ಚುಚ್ಚಿದ ಕಿವಿಯ ಹಸಿ ಗಾಯದೊಳಗೆ ಅಗ್ಗದ ಓಲೆಯ ನಿಕ್ಕಲ್ ಕರಗಿ ಸೇರುತ್ತದೆ, ಅಲ್ಲಿನ ರೋಗನಿರೋಧಕ ಕೋಶಗಳು ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತವೆ, ಮುಂದೆ ಜೀವನಪೂರ್ತಿ ನಿಕ್ಕಲ್ ತಾಗಿದಾಗಲೆಲ್ಲ ಒಂದೆರಡು ದಿನದಲ್ಲಿ ಆ ಜಾಗ ಕೆಂಪಾಗಿ ಸೋರುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಇಲಿಗಳಿಗೆ ನಿಕ್ಕಲ್ ಅಲರ್ಜಿ ಸುಲಭಕ್ಕೆ ಬರುವುದಿಲ್ಲ. ಯಾಕೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ನಮ್ಮ ಕೋಶಗಳ ಮೇಲೆ ಟಿಎಲ್‌ಆರ್4 ಅನ್ನುವ ಒಂದು ಪ್ರೋಟೀನ್ ಇದೆ, ಅದರ ನಿಜವಾದ ಕೆಲಸ ಬ್ಯಾಕ್ಟೀರಿಯಾ ಬಂದಾಗ ಕೂಗಿ ಹೇಳುವುದು. 2010ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ್ದೇನೆಂದರೆ, ಮನುಷ್ಯರ ಟಿಎಲ್‌ಆರ್4ನಲ್ಲಿರುವ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲಗಳಿಗೆ ನಿಕ್ಕಲ್ ನೇರವಾಗಿ ಅಂಟುತ್ತದೆ, ಬ್ಯಾಕ್ಟೀರಿಯಾವೇ ಇಲ್ಲದಿದ್ದರೂ ಕೋಶ ಕೂಗಿಕೊಳ್ಳುತ್ತದೆ. ಇಲಿಯ ಪ್ರೋಟೀನಿನಲ್ಲಿ ಆ ಜಾಗದಲ್ಲಿ ಹಿಸ್ಟಿಡಿನ್ ಇಲ್ಲ. ಅಷ್ಟೇ ವ್ಯತ್ಯಾಸ! ಇಲಿಯ ಮೇಲೆ ಮಾತ್ರ ಪರೀಕ್ಷಿಸಿ ಒಂದು ಲೋಹ ಸುರಕ್ಷಿತ ಅಂತ ಹೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಇನ್ನು ಕ್ಲಿಪ್. ಹಲ್ಲಿಗೆ ಅಂಟಿಸುವ ಸ್ಟೀಲ್ ಬ್ರಾಕೆಟ್ಟಿನಲ್ಲಿ ನಿಕ್ಕಲ್ ನೂರಕ್ಕೆ ಎಂಟರ ಆಸುಪಾಸು. ಶುರುವಿನಲ್ಲಿ ಹಾಕುವ ತೆಳು ಬಾಗುವ ತಂತಿ ನಿಕ್ಕಲ್-ಟೈಟೇನಿಯಂ, ಅದರಲ್ಲಿ ಅರ್ಧಕ್ಕಿಂತ ಹೆಚ್ಚೇ ನಿಕ್ಕಲ್. ಕೇಳಿದರೆ ಹೆದರಿಕೆ ಆಗುತ್ತೆ ಅಲ್ವಾ? ಆದರೆ ಲೋಹದಲ್ಲಿ ಎಷ್ಟಿದೆ ಅನ್ನುವುದೂ ಅದರಿಂದ ಎಷ್ಟು ಹೊರಬರುತ್ತದೆ ಅನ್ನುವುದೂ ಬೇರೆ ಬೇರೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಆ ತಂತಿಯ ಮೇಲೆ ಟೈಟೇನಿಯಂ ಆಕ್ಸೈಡಿನ ಪದರ ಕಟ್ಟಿರುತ್ತದೆ, ಅದು ಒಳಗಿನ ನಿಕ್ಕಲನ್ನು ತಡೆಯುತ್ತದೆ. 1983ರಲ್ಲಿ ಲ್ಯಾಬಿನಲ್ಲಿ ಪೂರ್ತಿ ಬಾಯಿಯ ಕ್ಲಿಪ್ಪಿನಷ್ಟು ಲೋಹ ಮುಳುಗಿಸಿಟ್ಟು ಅಳೆದಾಗ ಸಿಕ್ಕಿದ್ದು ದಿನಕ್ಕೆ ಸರಾಸರಿ 40 ಮೈಕ್ರೋಗ್ರಾಂ ನಿಕ್ಕಲ್, 36 ಮೈಕ್ರೋಗ್ರಾಂ ಕ್ರೋಮಿಯಂ. ನಮ್ಮ ಕಡಲೆ, ಬೇಳೆ, ಗೋಡಂಬಿ, ಚಾಕೊಲೇಟಿನಿಂದ ದಿನಕ್ಕೆ ಹೊಟ್ಟೆಗೆ ಹೋಗುವ ನಿಕ್ಕಲ್ ಇದಕ್ಕಿಂತ ಹೆಚ್ಚು. ಬಾಯಲ್ಲಿ ಜೊಲ್ಲು ತೊಳೆಯುತ್ತಲೇ ಇರುತ್ತದೆ, ಹಾಗಾಗಿ ಚರ್ಮಕ್ಕೆ ಅಲರ್ಜಿ ಇರುವವರಲ್ಲೂ ಬಹಳಷ್ಟು ಜನ ಕ್ಲಿಪ್ಪನ್ನು ತೊಂದರೆಯಿಲ್ಲದೆ ಹಾಕಿಕೊಳ್ಳುತ್ತಾರೆ.

ಫಿನ್ಲೆಂಡಿನಲ್ಲಿ ಇನ್ನೂ ಒಂದು ನೋಡಿದ್ದಾರೆ. ಕಿವಿ ಚುಚ್ಚಿಸುವ ಮೊದಲೇ ಕ್ಲಿಪ್ ಹಾಕಿಸಿಕೊಂಡ ಹುಡುಗಿಯರಲ್ಲಿ ನಿಕ್ಕಲ್ ಅಲರ್ಜಿ ಕಡಿಮೆ ಕಂಡಿತು. ಬಾಯಿಯ ಮೂಲಕ ಮೊದಲು ಪರಿಚಯವಾದರೆ ದೇಹ ಸಹಿಸಿಕೊಳ್ಳಲು ಕಲಿಯುತ್ತದೆ ಅನ್ನುವುದು ಅವರ ಊಹೆ. ನಮ್ಮಲ್ಲಿ ಕೂಸಿಗೆ ವರ್ಷ ತುಂಬುವುದರೊಳಗೇ ಕಿವಿ ಚುಚ್ಚಿಸಿ ಆಗಿರುತ್ತದೆ, ಹಾಗಾಗಿ ಈ ಅನುಕೂಲ ನಮಗಿಲ್ಲ.

ಮಗಳಿಗೆ ಈಗಾಗಲೇ ಓಲೆಯಿಂದ, ಜೀನ್ಸ್ ಗುಂಡಿಯಿಂದ ತುರಿಕೆ ಆಗುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಇದೆ ಅಂತಾದರೆ ಸೆರಾಮಿಕ್ ಬ್ರಾಕೆಟ್, ನಿಕ್ಕಲ್ ಇಲ್ಲದ ಬೀಟಾ ಟೈಟೇನಿಯಂ ತಂತಿ ಅಥವಾ ಪ್ಲಾಸ್ಟಿಕ್ ಅಲೈನರ್ ಕೇಳಿ. ಇಲ್ಲ ಅಂದರೆ ಮಾಮೂಲಿ ಕ್ಲಿಪ್ಪೇ ಸಾಕು. ಒಸಡು ಊದಿದ್ದೆಲ್ಲ ಅಲರ್ಜಿ ಅಲ್ಲ, ಕ್ಲಿಪ್ ಹಾಕಿದ ಮಕ್ಕಳು ಸರಿಯಾಗಿ ಉಜ್ಜದೇ ಇರುವುದೇ ಹೆಚ್ಚಿನ ಸಲ ಕಾರಣ.

ಪ್ರಶ್ನೆ: ನಾನು ಎಂ.ಎಸ್ಸಿ ವಿದ್ಯಾರ್ಥಿ. ಹಲ್ಲಿನ ಲೋಹದ ಅಯಾನುಗಳು ಒಸಡಿನ ಕೋಶಗಳನ್ನು ಸಾಯಿಸುತ್ತವೆ, ಡಿಎನ್‌ಎ ಮುರಿಯುತ್ತವೆ ಅನ್ನುವ ಪೇಪರುಗಳು ಎಷ್ಟೊಂದು ಇವೆ. ನೀವು ಡಾಕ್ಟರುಗಳು ಏನೂ ಆಗಲ್ಲ ಅಂತೀರಿ. ಯಾರನ್ನು ನಂಬಬೇಕು? — ಮೈಸೂರು

ಇಬ್ಬರನ್ನೂ. ಪೇಪರ್ ಓದುವಾಗ ಅವರು ಏನು ಸುರಿದರು, ಎಷ್ಟು ಸುರಿದರು ಅಂತ ನೋಡಿ.

ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಲೋಹದ ಲವಣ ಹಾಕಿ, ಒಂದೆರಡು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಬದುಕಿದ್ದು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಾದರೆ ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆಯಾದ ಐಎಸ್‌ಒ ನಿಯಮದ ಪ್ರಕಾರ ಆ ವಸ್ತು ಕೋಶಕ್ಕೆ ವಿಷಕಾರಿಯಾಗಬಹುದು ಅಂತ ಲೆಕ್ಕ. ಈಗ ಒಂದು ಪೇಪರಿನಲ್ಲಿ 100 ಮೈಕ್ರೋಮೋಲಾರ್ ನಿಕ್ಕಲ್ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಅಂದರೆ ಲೀಟರಿಗೆ ಸುಮಾರು 5,900 ಮೈಕ್ರೋಗ್ರಾಂ. ಮೇಲೆ ಹೇಳಿದ ಕ್ಲಿಪ್ಪಿನ 40 ಮೈಕ್ರೋಗ್ರಾಂ ದಿನದ ಒಂದು ಲೀಟರ್ ಜೊಲ್ಲಿನಲ್ಲಿ ಬೆರೆತರೆ ಲೀಟರಿಗೆ 40. ಹತ್ತಿರ ಹತ್ತಿರ ನೂರೈವತ್ತು ಪಟ್ಟು ವ್ಯತ್ಯಾಸ. ತಟ್ಟೆಯಲ್ಲಿ ತೊಳೆಯಲು ಜೊಲ್ಲಿಲ್ಲ, ರಕ್ತ ಹರಿಯುವುದಿಲ್ಲ, ಮೇಲೊಂದು ದಪ್ಪ ಚರ್ಮದ ಪದರವೂ ಇಲ್ಲ.

ಹಾಗಂತ ನಿಮ್ಮ ಪೇಪರುಗಳನ್ನು ಎಸೆಯಬೇಡಿ. ನಾನು ಮಾಡಿದ ಭಾಗಾಕಾರವೂ ಅಷ್ಟು ಪ್ರಾಮಾಣಿಕವಲ್ಲ, ಯಾಕೆಂದರೆ ಲೋಹ ಇಡೀ ಬಾಯಲ್ಲಿ ಸಮನಾಗಿ ಹರಡುವುದಿಲ್ಲ. ಕ್ಯಾಪಿನ ಅಂಚು ಒಸಡಿನೊಳಗೆ ಇಳಿದಿರುವ ಕಿರಿದಾದ ಸಂದಿಯಲ್ಲಿ ಜೊಲ್ಲು ಆಡುವುದಿಲ್ಲ, ಬ್ಯಾಕ್ಟೀರಿಯಾ ಹುಳಿ ಬಿಡುತ್ತವೆ, ಲೋಹ ಬೇಗ ಸವೆಯುತ್ತದೆ, ಅಲ್ಲಿನ ಕೋಶಗಳಿಗೆ ಸಿಗುವ ಪ್ರಮಾಣ ಬೇರೆಯೇ. ಮತ್ತೆ ಕೋಶ ಸಾಯದೆಯೂ ಕೆಡಬಹುದು. ಕೋಬಾಲ್ಟ್, ನಿಕ್ಕಲ್ ಎರಡೂ ಕೋಶದ ಆಮ್ಲಜನಕ ಅಳೆಯುವ ಕಿಣ್ವದಲ್ಲಿ ಕಬ್ಬಿಣದ ಜಾಗ ಹಿಡಿದುಬಿಡುತ್ತವೆ. ಗಾಳಿ ಬೇಕಾದಷ್ಟಿದ್ದರೂ ಕೋಶ ಉಸಿರುಗಟ್ಟಿದೆ ಅಂದುಕೊಂಡು ಹೊಸ ರಕ್ತನಾಳ ಬೆಳೆಸುವ ಸಂದೇಶ ಕಳಿಸುತ್ತದೆ. ಈ ಅಳತೆಯ ವ್ಯವಸ್ಥೆ ಕಂಡುಹಿಡಿದವರಿಗೇ 2019ರ ವೈದ್ಯಕೀಯ ನೊಬೆಲ್ ಬಂದದ್ದು. ತಾಮ್ರ ಬೇರೆ ದಾರಿ ಹಿಡಿಯುತ್ತದೆ, ಸಿಕ್ಕಿದ್ದಕ್ಕೆಲ್ಲ ಮುಗಿಬೀಳುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ನನ್ನ ಪ್ರಕಾರ ಒಳ್ಳೆಯ ಪ್ರಯೋಗ ಅಂದರೆ ಕಡಿಮೆ ಪ್ರಮಾಣದಲ್ಲಿ, ತಿಂಗಳುಗಟ್ಟಲೆ, ಮನುಷ್ಯರದೇ ಒಸಡಿನ ಕೋಶದ ಮೇಲೆ ಮಾಡುವುದು. ನೀವೇ ಯಾಕೆ ಮಾಡಬಾರದು?

ಪ್ರಶ್ನೆ: ಹನ್ನೊಂದು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಕ್ಯಾಪ್ ಎರಕ ಹೊಯ್ದು ಉಜ್ಜುವ ಕೆಲಸ. ಒಣ ಕೆಮ್ಮು ಹೋಗುತ್ತಲೇ ಇಲ್ಲ. — ಟೆಕ್ನಿಶಿಯನ್, ಮಂಗಳೂರು

ಈ ಕಂತಿನಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಪತ್ರ ನಿಮ್ಮದು. ಕ್ಯಾಪ್ ಹಾಕಿಸಿಕೊಂಡವರಿಗಿಂತ ಅದನ್ನು ಉಜ್ಜಿ ಹೊಳಪು ಕೊಡುವವರಿಗೇ ಅಪಾಯ ಜಾಸ್ತಿ, ಇದನ್ನು ನಮ್ಮ ವೃತ್ತಿಯವರು ಗಟ್ಟಿಯಾಗಿ ಹೇಳುವುದೇ ಇಲ್ಲ. ಕೆಲವು ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಗಳಿಗೆ ಎರಕ ಚೆನ್ನಾಗಿ ಬರಲಿ ಅಂತ ನೂರಕ್ಕೆ ಎರಡರವರೆಗೆ ಬೆರಿಲಿಯಂ ಸೇರಿಸುತ್ತಿದ್ದರು. ಎರಡೇ ಅಲ್ವಾ ಅನ್ನಬೇಡಿ, ಬೆರಿಲಿಯಂ ತುಂಬಾ ಹಗುರ, ಪರಮಾಣುಗಳ ಲೆಕ್ಕದಲ್ಲಿ ಅದು ಹತ್ತಕ್ಕೊಂದಕ್ಕೆ ಹತ್ತಿರ. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕೆಲವರ ಟಿ ಕೋಶಗಳು (ರೋಗನಿರೋಧಕ ಕೋಶಗಳ ಒಂದು ಬಗೆ) ಕೆರಳಿ ಅಲ್ಲಿ ಗಂಟು ಕಟ್ಟುತ್ತವೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಕೋಬಾಲ್ಟ್ ದೂಳೂ ಒಳ್ಳೆಯದಲ್ಲ. ಮರಳಿನ ಹಾಗಿರುವ ಅಚ್ಚಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಅದು ಇನ್ನೊಂದು ಕಾಯಿಲೆ.

ಈ ವಾರವೇ ಶ್ವಾಸಕೋಶದ ಡಾಕ್ಟರನ್ನು ನೋಡಿ. ಏನು ಕೆಲಸ ಅಂತ ಅವರು ಕೇಳದಿದ್ದರೂ ನೀವೇ ಹೇಳಿ, ಲೋಹ ಉಜ್ಜುತ್ತೇನೆ, ಇಷ್ಟು ವರ್ಷದಿಂದ ಅಂತ. ಇಲ್ಲವಾದರೆ ಎಕ್ಸ್‌ರೇ ನೋಡಿ ಸುಮ್ನೆ ಟಿಬಿ ಮಾತ್ರೆ ಶುರು ಮಾಡುವ ಸಾಧ್ಯತೆ ಇದೆ. ಲೋಹದ ಪೊಟ್ಟಣದ ಮೇಲೆ ಬೆರಿಲಿಯಂ ಇಲ್ಲ ಅಂತ ಬರೆದಿದೆಯೇ ನೋಡಿ, ಬರೆದಿಲ್ಲದಿದ್ದರೆ ಮಾಲೀಕರನ್ನು ಕೇಳಿ. ಮೇಜಿನ ಹತ್ತಿರವೇ ದೂಳು ಎಳೆಯುವ ಸಕ್ಷನ್ ಇರಬೇಕು, ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಎನ್95 ಬೇಕು.

ಪ್ರಶ್ನೆ: ನಮ್ಮ ತಂದೆಗೆ 74. ಹಲ್ಲುಸೆಟ್ ಸಡಿಲ ಅಂತ ದಿನಕ್ಕೆ ನಾಲ್ಕೈದು ಸಲ ಅಂಟು ಪೇಸ್ಟ್ ಹಾಕುತ್ತಾರೆ. ಹೊಟ್ಟೆಗೆ ಹೋದರೆ ಪರವಾಗಿಲ್ವಾ? — ಕಲಬುರಗಿ

ಪೇಸ್ಟಿನಲ್ಲಿ ಸತು ಇದೆಯೇ ಅಂತ ನೋಡಿ. 2008ರಲ್ಲಿ ಅಮೆರಿಕದ ನರತಜ್ಞರು ನಾಲ್ಕು ಜನರ ಬಗ್ಗೆ ಬರೆದರು, ಎಲ್ಲರಿಗೂ ಕಾಲಿನ ಶಕ್ತಿ ಕಡಿಮೆ, ನಡಿಗೆ ತೂರಾಟ, ಎಲ್ಲರೂ ಇಂಥ ಪೇಸ್ಟನ್ನು ವಾರಕ್ಕೆ ಎರಡು ಟ್ಯೂಬ್ ಅಥವಾ ಅದಕ್ಕೂ ಹೆಚ್ಚು ಖಾಲಿ ಮಾಡುತ್ತಿದ್ದರು. ಸತು ಜಾಸ್ತಿಯಾದಾಗ ಕರುಳಿನ ಕೋಶಗಳು ಮೆಟಲೋಥಯೋನಿನ್ ಅನ್ನುವ ಪ್ರೋಟೀನನ್ನು ರಾಶಿ ರಾಶಿ ತಯಾರಿಸುತ್ತವೆ. ಆ ಪ್ರೋಟೀನಿಗೆ ಸತುವಿಗಿಂತ ತಾಮ್ರದ ಮೇಲೇ ಒಲವು, ಊಟದಲ್ಲಿ ಬಂದ ತಾಮ್ರವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಕೆಲವೇ ದಿನದಲ್ಲಿ ಆ ಕೋಶ ಉದುರಿ ಮಲದಲ್ಲಿ ಹೋಗುತ್ತದೆ, ಜೊತೆಗೆ ತಾಮ್ರವೂ ಹೋಯಿತು. ತಾಮ್ರ ಇಲ್ಲದೆ ನರ ಮತ್ತು ರಕ್ತ ಎರಡೂ ಸೊರಗುತ್ತವೆ. ಸತು ಇಲ್ಲದ ಪೇಸ್ಟ್ ಸಿಗುತ್ತದೆ. ಅದಕ್ಕಿಂತ ಮೊದಲು ಅಪ್ಪನ ಸೆಟ್ಟನ್ನು ಸರಿ ಮಾಡಿಸಿ. ದಿನಕ್ಕೆ ನಾಲ್ಕೈದು ಸಲ ಅಂಟು ಬೇಕಾಗುವ ಸೆಟ್ ಸೆಟ್ಟೇ ಅಲ್ಲ, ದವಡೆಯ ಮೂಳೆ ಕರಗಿದೆ, ಒಳಗೆ ಹೊಸ ಪದರ ಕೊಡಬೇಕು.

ಪ್ರಶ್ನೆ: ಕ್ಯಾಪ್ ಪಕ್ಕದ ಕೆನ್ನೆಯೊಳಗೆ ಬಿಳಿ ಬಲೆಯಂಥ ಕಲೆ ಆಗಿದೆ, ಖಾರ ತಿಂದರೆ ಉರಿ. ಲೋಹದ ಅಲರ್ಜಿ ಅಂತ ಪರಿಚಯದವರು ಹೇಳಿದರು. ಎಲೆ ಅಡಿಕೆ ಹಾಕುತ್ತೇನೆ, ತಂಬಾಕು ಸ್ವಲ್ಪ. — ತೀರ್ಥಹಳ್ಳಿ

ಲೋಹಕ್ಕೆ ತಾಗಿದ ಜಾಗದಲ್ಲಿ ಇಂಥ ಕಲೆ ಆಗುವುದುಂಟು, ಅಮಾಲ್ಗಂ ಪಕ್ಕದಲ್ಲಿ ಹೆಚ್ಚು, ಲೋಹ ಬದಲಿಸಿದರೆ ಎಷ್ಟೋ ಸಲ ಹೋಗುತ್ತದೆ. ಆದರೆ ನಿಮ್ಮ ಪತ್ರದ ಕೊನೆಯ ಸಾಲು ಓದಿದ ಮೇಲೆ ನಾನು ಕ್ಯಾಪಿನ ಬಗ್ಗೆ ಯೋಚಿಸುವುದಿಲ್ಲ. ಮೊದಲು ಒಂದು ಚೂರು ತೆಗೆದು ಬಯಾಪ್ಸಿ ಮಾಡಿಸಿ. ಬಾಯಿ ತೆರೆಯುವುದು ಕಡಿಮೆಯಾಗುತ್ತಿದೆಯಾ ಅದನ್ನೂ ತೋರಿಸಿ. ಅಂದಹಾಗೆ ಅಡಿಕೆಯಲ್ಲೇ ತಾಮ್ರ ಸಾಕಷ್ಟಿದೆ, ದಿನವಿಡೀ ಜಗಿಯುವಾಗ ಅದು ಕೆನ್ನೆಯ ಕೋಶಗಳಿಗೆ ಸಿಗುತ್ತಲೇ ಇರುತ್ತದೆ. ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವ ತಾಮ್ರದಿಂದ ಚುರುಕಾಗಿ ನಾರುಗಳನ್ನು ಬಿಗಿಯಾಗಿ ಹೆಣೆಯುತ್ತದೆ, ಕೆನ್ನೆ ಬಿರುಸಾಗುವುದಕ್ಕೆ ಅದೂ ಒಂದು ಕಾರಣ. ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಹೇಳುವುದು ಕಷ್ಟವೇ, ಆದರೆ ನಿಮ್ಮ ಬಾಯಿಗೆ ಯಾವ ಹಲ್ಲಿನ ಡಾಕ್ಟರು ಹಾಕಿದ ಲೋಹಕ್ಕಿಂತಲೂ ಅದು ದೊಡ್ಡ ವಿಷಯ. ಕಾಯಬೇಡಿ, ಎರಡು ವಾರದಲ್ಲಿ ಮಾಯದ ಯಾವ ಕಲೆಯನ್ನೂ ಬಾಯಲ್ಲಿ ಇಟ್ಟುಕೊಂಡು ಕೂರಬಾರದು.

ಪ್ರಶ್ನೆ: ಇಂಪ್ಲಾಂಟ್ ಹಾಕಿಸಬೇಕು. ಟೈಟೇನಿಯಂ ಕೂಡ ಕರಗುತ್ತಾ? — ಬೆಂಗಳೂರು

ಬಹಳ ಕಡಿಮೆ. ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಯೊಳಗೆ ಇಟ್ಟ ಟೈಟೇನಿಯಂ ಕೊಳವೆಯನ್ನು ವಾಪಸ್ ಕೀಳಲಾಗದೆ ಪೇಚಾಡಿದರು, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ, ಗೀಚಿದರೆ ಕ್ಷಣದಲ್ಲಿ ಮತ್ತೆ ಕಟ್ಟುತ್ತದೆ. ಕೀವಾಗಿ ಕೆಟ್ಟ ಇಂಪ್ಲಾಂಟಿನ ಸುತ್ತ ಟೈಟೇನಿಯಂ ಕಣಗಳು ಸಿಗುತ್ತವೆ, ಅವನ್ನು ನುಂಗಿದ ಕೋಶಗಳು ಉರಿಯೂತ ಹೆಚ್ಚಿಸುತ್ತವೆ. ಕಣದಿಂದ ಕೀವೋ, ಕೀವಿನಿಂದ ಕಣವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನೀವು ಬೀಡಿ ಸಿಗರೇಟು ಬಿಡಿ, ಸುತ್ತ ಶುಚಿಯಾಗಿಡಿ. ಹುಳಿಯ ಅಂಶ ಇರುವ ಫ್ಲೋರೈಡ್ ಜೆಲ್ ಮಾತ್ರ ಬೇಡ, ಆ ಪದರವನ್ನು ತಿನ್ನುವುದು ಅದೇ. ಮಾಮೂಲಿ ಪೇಸ್ಟಿಗೆ ಹೆದರಬೇಕಿಲ್ಲ.

ಪ್ರಶ್ನೆ: ಹೊಸ ಲೋಹದ ಕ್ಯಾಪ್ ಹಾಕಿಸಿದ ಮೇಲೆ ಸ್ಟೀಲ್ ಚಮಚ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಯಾವ ಲೋಹ ಅಂತ ಕೇಳಿದರೆ ಕ್ಲಿನಿಕ್ಕಿನಲ್ಲಿ ಮೆಟಲ್ ಅಂದರು ಅಷ್ಟೇ. — ತುಮಕೂರು

ಕರೆಂಟೇ ಅದು. ಎರಡು ಬೇರೆ ಲೋಹ, ನಡುವೆ ಉಪ್ಪಿನ ಅಂಶದ ಜೊಲ್ಲು, ಬ್ಯಾಟರಿ ಆಯಿತು. ಎದುರಿನ ಹಲ್ಲಿನಲ್ಲಿ ಹಳೆಯ ಬೆಳ್ಳಿ ಸಿಮೆಂಟ್ ಇದ್ದರೆ ಚಮಚ ಇಲ್ಲದೆಯೂ ಆಗಬಹುದು, ಆಗ ಎರಡರಲ್ಲಿ ಬೇಗ ಸವೆಯುವ ಲೋಹ ಇನ್ನಷ್ಟು ಬೇಗ ಸವೆಯುತ್ತದೆ. ಹೆಚ್ಚಿನವರಿಗೆ ಕೆಲವು ದಿನದಲ್ಲಿ ತಾನೇ ಕಡಿಮೆಯಾಗುತ್ತದೆ, ಆಗದಿದ್ದರೆ ತಾಗುವ ಜಾಗವನ್ನು ಡಾಕ್ಟರು ಸರಿ ಮಾಡಬಹುದು.

ಆದರೆ ಮೆಟಲ್ ಅನ್ನುವುದು ಉತ್ತರವಲ್ಲ. ನಿಕ್ಕಲ್-ಕ್ರೋಮಿಯಂ, ಕೋಬಾಲ್ಟ್-ಕ್ರೋಮಿಯಂ, ಚಿನ್ನ-ಪಲ್ಲಾಡಿಯಂ ಎಲ್ಲಕ್ಕೂ ಆ ಹೆಸರೇ ಹೇಳುತ್ತಾರೆ, ದುಡ್ಡೂ ಬೇರೆ, ದೇಹಕ್ಕೆ ಅದು ಕೊಡುವ ತೊಂದರೆಯೂ ಬೇರೆ. ವಾಪಸ್ ಹೋಗಿ, ಲ್ಯಾಬಿನಿಂದ ಕೇಳಿ ತರಿಸಿ ಮಿಶ್ರಲೋಹದ ಹೆಸರನ್ನು ಬಿಲ್ಲಿನ ಹಿಂದೆ ಬರೆದುಕೊಡಿ ಅನ್ನಿ. ನಾಳೆ ಚರ್ಮದ ಡಾಕ್ಟರು ಕೇಳುವುದೂ ಅದನ್ನೇ.